ಅಮ್ಮಿಯ ಎರಡನೇ ಡಿಗ್ರಿ: ಒಂದು ಲೆಕ್ಕ



ಈ ಸಂಚಿಕೆಗೆ ಕಾಮರ್ಸ್ ವಿಭಾಗದಿಂದ ಒಂದು ಲೇಖನ ಬೇಕು ಎಂದು ನಮ್ಮ ಉಪನ್ಯಾಸಕರು ಹೇಳಿದಾಗ ನಾನು ಜಿಎಸ್‌ಟಿ ಬಗ್ಗೆ ಬರೆಯೋಣ ಅಂದುಕೊಂಡಿದ್ದೆ. ಆದರೆ ಅದೇ ವಾರ ನಮ್ಮ ಮನೆಯಲ್ಲಿ ಒಂದು ಮಾತು ಬಂತು. ಹಾಗಾಗಿ ವಿಷಯ ಬದಲಾಯಿತು.

ನನ್ನ ಅಮ್ಮಿಯ ತವರು ಟಿ. ನರಸೀಪುರ. ಮದುವೆಗೆ ಮುಂಚೆಯೇ ಬಿ.ಎ. ಮುಗಿಸಿದ್ದರು. ನಂಜನಗೂಡಿಗೆ ಸೊಸೆಯಾಗಿ ಬಂದು 19 ವರ್ಷವಾಯಿತು. ಡಿಗ್ರಿ ಸರ್ಟಿಫಿಕೇಟ್ ಬೀರುವಿನಲ್ಲಿ ಮದುವೆ ಬಟ್ಟೆಯ ಕೆಳಗೆ ಇದೆ. ಈಗ ಅವರು ಎಂ.ಎ. ಮಾಡಬೇಕು ಅನ್ನುತ್ತಾರೆ, ಅದೂ ಕನ್ನಡದಲ್ಲಿ. ನಮ್ಮ ಮನೆಮಾತು ಉರ್ದು. ಆದರೆ ನನಗೆ ಕನ್ನಡ ಅಕ್ಷರ ತಿದ್ದಿಸಿದ್ದು ಅಮ್ಮಿಯೇ.

ದಾದಿ ಕೇಳಿದರು: "ಅಬ್ ಇಸ್ ಉಮರ್ ಮೇ ಕಾಯ್ಕು?" ಈ ವಯಸ್ಸಿನಲ್ಲಿ ಯಾಕೆ ಅಂತ. ಅಬ್ಬಾ ವಯಸ್ಸಿನ ಮಾತು ಎತ್ತಲಿಲ್ಲ. ಮುಂದಿನ ಜೂನ್‌ನಲ್ಲಿ ನನ್ನ ಬಿ.ಕಾಂ. ಫೀಸು ಕಟ್ಟಬೇಕು, ಎರಡಕ್ಕೂ ಹಣ ಎಲ್ಲಿಂದ ಎಂದರು. ಅಮ್ಮಿ ತಕ್ಷಣ, "ಮೊದಲು ಮಗುವಿನದು ಆಗಲಿ" ಎಂದು ಹೇಳಿ ಹೊಲಿಗೆ ಮಿಷನ್ ಮುಂದೆ ಕೂತರು. ನನ್ನ ಕಾರಣಕ್ಕೆ ಅವರ ಓದು ನಿಲ್ಲುವುದು ನನಗೆ ಸರಿ ಅನ್ನಿಸಲಿಲ್ಲ. ಆದ್ದರಿಂದ ಈ ಪ್ರಶ್ನೆಯನ್ನು ಒಂದು ಲೆಕ್ಕದಂತೆ ಬಿಡಿಸಿ ನೋಡಿದೆ. ನಿಮ್ಮ ಮನೆಗೂ ಉಪಯೋಗವಾಗಬಹುದು.

1. ಇದು ನಮ್ಮ ಜಿಲ್ಲೆಗೆ ಹೊಸದಲ್ಲ

ಭಾರತದಲ್ಲಿ ಅಂಚೆಯ ಮೂಲಕ ಪದವಿ ಶಿಕ್ಷಣ ಮೊದಲು ಶುರುವಾದದ್ದು 1962ರಲ್ಲಿ, ದೆಹಲಿ ವಿಶ್ವವಿದ್ಯಾನಿಲಯದಲ್ಲಿ. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿಯೇ ಅಂಚೆ ಶಿಕ್ಷಣ ಸಂಸ್ಥೆಯನ್ನು ತೆರೆಯಿತು. ಅದೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಅದರ ಕೇಂದ್ರ ಕಚೇರಿ ಮೈಸೂರಿನ ಮುಕ್ತಗಂಗೋತ್ರಿಯಲ್ಲಿದೆ. ಇದಲ್ಲದೆ 1985ರಲ್ಲಿ ಸಂಸತ್ತಿನ ಕಾಯ್ದೆಯಿಂದ ಸ್ಥಾಪನೆಯಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ, ಅಂದರೆ ಇಗ್ನೋ ಕೂಡ ಇದೆ.

ಇಲ್ಲಿ ಪುಸ್ತಕ ಮನೆಗೆ ಬರುತ್ತದೆ. ಅಸೈನ್‌ಮೆಂಟ್ ಬರೆದು ಕೊಡಬೇಕು, ಕೆಲವು ದಿನ ಸಂಪರ್ಕ ತರಗತಿ ಇರುತ್ತದೆ, ಕೊನೆಗೆ ಪರೀಕ್ಷೆ ಬರೆಯಬೇಕು. ಪ್ರತಿದಿನ ಕಾಲೇಜಿಗೆ ಹೋಗಬೇಕಾಗಿಲ್ಲ.

2. ವಯಸ್ಸಿನ ಪ್ರಶ್ನೆ

ದಾದಿಗೆ ನಾನು ಕೇರಳದ ಕಾರ್ತ್ಯಾಯಿನಿ ಅಮ್ಮನ ಕಥೆ ಹೇಳಿದೆ. 2018ರಲ್ಲಿ, 96ನೇ ವಯಸ್ಸಿನಲ್ಲಿ, ಅವರು ಸಾಕ್ಷರತಾ ಪರೀಕ್ಷೆಯಲ್ಲಿ 100ಕ್ಕೆ 98 ಅಂಕ ತೆಗೆದರು. ಅಮ್ಮಿಗೆ ಅವರ ಅರ್ಧ ವಯಸ್ಸೂ ಆಗಿಲ್ಲ. ನಮ್ಮ ಧರ್ಮದಲ್ಲಿ ಮೊದಲು ಅವತೀರ್ಣವಾದ ಪದ 'ಇಖ್ರಾ', ಅಂದರೆ ಓದು. ಆ ಮಾತು ಬಂದಾಗ ಪೈಗಂಬರರಿಗೆ 40 ವರ್ಷ. ದಾದಿ ಇದಕ್ಕೆ ಏನೂ ಹೇಳಲಿಲ್ಲ.

3. ಸಮಯದ ಲೆಕ್ಕ

ಕ್ರೆಡಿಟ್ ಎಂದರೆ ನಮಗೆ ಖಾತೆಯ ಬಲಭಾಗ. ವಿಶ್ವವಿದ್ಯಾನಿಲಯದಲ್ಲಿ ಅದಕ್ಕೆ ಬೇರೆ ಅರ್ಥ. ದೂರಶಿಕ್ಷಣದಲ್ಲಿ ಒಂದು ಕ್ರೆಡಿಟ್ ಎಂದರೆ ಸುಮಾರು 30 ಗಂಟೆಗಳ ಓದು. ಇದರಲ್ಲಿ ಪುಸ್ತಕ ಓದುವುದು, ತರಗತಿ, ಅಸೈನ್‌ಮೆಂಟ್ ಎಲ್ಲವೂ ಸೇರುತ್ತವೆ.

ಎರಡು ವರ್ಷದ ಎಂ.ಎ.ಗೆ 80 ಕ್ರೆಡಿಟ್ ಎಂದು ಇಟ್ಟುಕೊಳ್ಳೋಣ.
80 × 30 = 2400 ಗಂಟೆ.
2 ವರ್ಷದಲ್ಲಿ, ಅಂದರೆ 730 ದಿನದಲ್ಲಿ ಮುಗಿಸಲು ದಿನಕ್ಕೆ ಸುಮಾರು 3 ಗಂಟೆ 17 ನಿಮಿಷ ಬೇಕು.
4 ವರ್ಷದಲ್ಲಿ, ಅಂದರೆ 1460 ದಿನದಲ್ಲಿ ಮುಗಿಸಲು ದಿನಕ್ಕೆ ಸುಮಾರು 1 ಗಂಟೆ 39 ನಿಮಿಷ ಸಾಕು.

ಮುಕ್ತ ವಿಶ್ವವಿದ್ಯಾನಿಲಯಗಳು ಕನಿಷ್ಠ ಅವಧಿಗಿಂತ ಹೆಚ್ಚು ಕಾಲ ಕೊಡುತ್ತವೆ. ಇಗ್ನೋದಲ್ಲಿ ಎಂ.ಎ.ಯನ್ನು 4 ವರ್ಷದೊಳಗೆ, ಬಿ.ಎ.ಯನ್ನು 6 ವರ್ಷದೊಳಗೆ ಮುಗಿಸಬಹುದು. ಕೆಲಸ ಮಾಡುವವರಿಗೆ ಈ ವ್ಯತ್ಯಾಸವೇ ಮುಖ್ಯ. ಮೂರು ಗಂಟೆ ಅಮ್ಮಿಗೆ ಸಿಗುವುದಿಲ್ಲ. ಆದರೆ ಫಜ್ರ್ ನಮಾಜ್ ಆದ ಮೇಲೆ ಮುಕ್ಕಾಲು ಗಂಟೆ, ಇಶಾ ಆದ ಮೇಲೆ ಒಂದು ಗಂಟೆ ಸಿಗುತ್ತದೆ. ರಾತ್ರಿಯ ಪಾತ್ರೆಗಳನ್ನು ನಾನು ತೊಳೆದರೆ ಮಾತ್ರ. ಆದ್ದರಿಂದ ಈ ಲೆಕ್ಕದಲ್ಲಿ ನನ್ನ ಹೆಸರೂ ಇದೆ.

4. ಹಣದ ಲೆಕ್ಕ

ಅಬ್ಬಾ ಹೇಳಿದ್ದು ಸುಳ್ಳಲ್ಲ. ಆದರೆ ಖಾತೆಶಾಸ್ತ್ರ ನಮಗೆ ಒಂದು ವಿಷಯ ಕಲಿಸುತ್ತದೆ: ಹಣ ಇಲ್ಲದಿರುವುದು ಬೇರೆ, ಎರಡು ಖರ್ಚು ಒಂದೇ ತಿಂಗಳಲ್ಲಿ ಬರುವುದು ಬೇರೆ. ಎರಡನೆಯದು ನಗದು ಹರಿವಿನ ತೊಂದರೆ. ಮುಕ್ತ ವಿಶ್ವವಿದ್ಯಾನಿಲಯದಲ್ಲಿ ವರ್ಷಕ್ಕೆ ಎರಡು ಪ್ರವೇಶಾವಧಿಗಳಿವೆ, ಜುಲೈ ಮತ್ತು ಜನವರಿ. ನನ್ನ ಫೀಸು ಜೂನ್‌ನಲ್ಲಿ, ಅಮ್ಮಿಯದು ಜನವರಿಯಲ್ಲಿ ಎಂದರೆ ನಡುವೆ ಆರು ತಿಂಗಳು ಸಿಗುತ್ತದೆ. ಆ ಆರು ತಿಂಗಳ ಹೊಲಿಗೆ ಹಣದಲ್ಲಿ ಸ್ವಲ್ಪ ಸ್ವಲ್ಪ ಎತ್ತಿಡಬಹುದು.

ಓಡಾಟದ ಖರ್ಚೂ ಕಡಿಮೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ ಪ್ರಯಾಣ ಉಚಿತ. ನಂಜನಗೂಡಿನಿಂದಾಗಲಿ ಟಿ. ನರಸೀಪುರದಿಂದಾಗಲಿ ಬೆಳಿಗ್ಗೆ ಮೈಸೂರಿಗೆ ಹೋಗಿ ಸಂಜೆ ಮನೆಗೆ ಬರಬಹುದು. ನಮ್ಮೂರಿಗೆ ರೈಲೂ ಇದೆ.

5. ಎಚ್ಚರಿಕೆ

ನಮ್ಮ ಸಂಬಂಧಿಕರೊಬ್ಬರಿಗೆ ಒಬ್ಬ ಏಜೆಂಟ್, "ಒಂದೇ ವರ್ಷದಲ್ಲಿ ಡಿಗ್ರಿ, ಪರೀಕ್ಷೆ ನಾವೇ ನೋಡಿಕೊಳ್ಳುತ್ತೇವೆ" ಎಂದು ಹೇಳಿ ಹಣ ತೆಗೆದುಕೊಂಡ. ಕೊನೆಗೆ ಕೈಗೆ ಬಂದ ಕಾಗದ ಯಾವ ಕೆಲಸಕ್ಕೂ ಬರಲಿಲ್ಲ. ಆದ್ದರಿಂದ ಈ ಮಾತುಗಳನ್ನು ನೆನಪಿಡಿ:

ಅ) ಯುಜಿಸಿಯ ದೂರಶಿಕ್ಷಣ ಬ್ಯೂರೊ ಮಾನ್ಯತೆ ಇರುವ ವಿಶ್ವವಿದ್ಯಾನಿಲಯ ಮತ್ತು ಕೋರ್ಸುಗಳ ಪಟ್ಟಿ ಪ್ರಕಟಿಸುತ್ತದೆ. ನೀವು ಸೇರುವ ವರ್ಷಕ್ಕೆ, ನೀವು ಸೇರುವ ಕೋರ್ಸಿಗೆ ಮಾನ್ಯತೆ ಇದೆಯೇ ಎಂದು ನೋಡಿ. ನಮ್ಮ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೇ 2012-13ರ ನಂತರ ಕೆಲವು ವರ್ಷ ಮಾನ್ಯತೆ ಇರಲಿಲ್ಲ. 2018-19ರಿಂದ ಮತ್ತೆ ಸಿಕ್ಕಿತು. ಹೆಸರು ದೊಡ್ಡದು ಎಂದು ನೋಡದೆ ಸೇರಬಾರದು.
ಆ) ಮಾನ್ಯತೆ ಇದ್ದರೆ ದೂರಶಿಕ್ಷಣದ ಡಿಗ್ರಿ ಕಾಲೇಜಿನ ಡಿಗ್ರಿಗೆ ಸಮಾನ.
ಇ) ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಕಾನೂನು ಇವುಗಳ ಪದವಿಯನ್ನು ದೂರಶಿಕ್ಷಣದಲ್ಲಿ ಕೊಡುವಂತಿಲ್ಲ. ಯಾರಾದರೂ ಕೊಡುತ್ತೇವೆ ಎಂದರೆ ನಂಬಬೇಡಿ.
ಈ) 2022ರಿಂದ ಯುಜಿಸಿ ಒಂದೇ ಕಾಲದಲ್ಲಿ ಎರಡು ಡಿಗ್ರಿ ಓದಲು ಅನುಮತಿ ಕೊಟ್ಟಿದೆ. ಒಂದನ್ನು ಕಾಲೇಜಿನಲ್ಲಿ, ಇನ್ನೊಂದನ್ನು ದೂರಶಿಕ್ಷಣದಲ್ಲಿ ಓದಬಹುದು. ಇದು ನಮಗೂ ಅನ್ವಯಿಸುತ್ತದೆ.

ಕೊನೆಯ ಮಾತು

ಯಂತ್ರ, ಪೀಠೋಪಕರಣ ಇವುಗಳಿಗೆ ವರ್ಷವರ್ಷವೂ ಸವಕಳಿ ಬರೆಯುತ್ತೇವೆ. ಅಮ್ಮಿಯ ಬಿ.ಎ.ಗೆ 19 ವರ್ಷ ಸವಕಳಿ ಬರೆದು ಬೆಲೆ ಸೊನ್ನೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಆದರೆ ಎಂ.ಎ.ಗೆ ಸೇರಲು ಇವತ್ತು ಕೇಳುವುದು ಅದೇ ಸರ್ಟಿಫಿಕೇಟನ್ನು. ಅದರ ಬೆಲೆ ಹೋಗಿಲ್ಲ.

ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಅಬ್ಬಾಗೆ ತೋರಿಸಿದೆ. ಅವರು ಎರಡು ಸಲ ಓದಿ, "ಜನವರಿ ಅಂದರೆ ಆಗಬಹುದು" ಎಂದರು. ಮರುದಿನ ದಾದಿಗೆ ಪಿಂಚಣಿಯ ಬಗ್ಗೆ ಕನ್ನಡದಲ್ಲಿ ಒಂದು ಕಾಗದ ಬಂತು. ಯಾವಾಗಿನಂತೆ ಅಮ್ಮಿಯನ್ನೇ ಕರೆದು ಓದಿಸಿಕೊಂಡರು. ಅಮ್ಮಿ ಓದಿ ಮುಗಿಸಿದ ಮೇಲೆ ದಾದಿ, "ಫಾರಂ ಯಾವಾಗ ಕೊಡುತ್ತಾರೆ?" ಎಂದು ಕೇಳಿದರು. ಪಿಂಚಣಿ ಫಾರಂ ಅಲ್ಲ, ಎಂ.ಎ. ಫಾರಂ.

ನೀವೂ ಈ ವಾರ ಮನೆಯಲ್ಲಿ ಒಂದು ಪ್ರಶ್ನೆ ಕೇಳಿ: "ನೀವು ಓದು ನಿಲ್ಲಿಸಿದ್ದು ಎಲ್ಲಿ?" ಉತ್ತರ ಸಿಕ್ಕಿದರೆ ಒಂದು ಹಾಳೆ ತೆಗೆದುಕೊಂಡು ಗಂಟೆಗಳ ಲೆಕ್ಕ ಹಾಕಿ. ಪಾತ್ರೆ ಯಾರು ತೊಳೆಯಬೇಕು ಎಂಬುದನ್ನೂ ಅದರಲ್ಲೇ ಬರೆಯಿರಿ.