ಕರಾವಳಿಯ ಹಳ್ಳಿಮನೆ: ಕ್ರಯ, ವಿಕ್ರಯ ಮತ್ತು ಸುಧಾರಣೆ

ಕರ್ನಾಟಕದ ಉತ್ತರ ಕನ್ನಡ, ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಕರಾವಳಿ ಗ್ರಾಮಗಳಲ್ಲಿ ವರ್ಷದ ಬಹುಭಾಗ ಬೀಗ ಹಾಕಿರುವ ಮನೆಗಳು ಕಡಿಮೆಯೇನಲ್ಲ. ಇವುಗಳ ಒಡೆಯರಲ್ಲಿ ಅನೇಕರು ಒಂದೆರಡು ತಲೆಮಾರುಗಳ ಹಿಂದೆ ಹೋಟೆಲು, ಗಿರಣಿ, ಬ್ಯಾಂಕು ಮುಂತಾದ ಉದ್ಯೋಗಗಳನ್ನು ಅರಸಿ ಮುಂಬಯಿ, ಪುಣೆ ಮೊದಲಾದ ನಗರಗಳಿಗೆ ತೆರಳಿದವರು, ಇಲ್ಲವೆ ಅವರ ಮಕ್ಕಳು. 1998ರ ಜನವರಿಯಲ್ಲಿ ಕೊಂಕಣ ರೈಲು ಮಾರ್ಗವು ಪೂರ್ಣವಾಗಿ ಸಂಚಾರಕ್ಕೆ ತೆರೆದ ಮೇಲೆ ಊರಿಗೆ ಬಂದುಹೋಗುವುದು ಸುಲಭವಾಯಿತು. ಹಳೆಯ ಮನೆಯನ್ನು ಮಾರಬೇಕೆ, ಸರಿಪಡಿಸಿ ಉಳಿಸಿಕೊಳ್ಳಬೇಕೆ ಅಥವಾ ನಿವೃತ್ತಿಯ ನಂತರದ ವಾಸಕ್ಕೆ ಬೇರೊಂದನ್ನು ಕೊಳ್ಳಬೇಕೆ ಎಂಬ ಪ್ರಶ್ನೆಯೂ ಆಗಿನಿಂದ ಹಲವು ಕುಟುಂಬಗಳ ಮುಂದೆ ನಿಂತಿದೆ.

ನಗರದಲ್ಲಿ ಫ್ಲ್ಯಾಟು ಕೊಂಡ ಅನುಭವವು ಇಲ್ಲಿ ಹೆಚ್ಚು ನೆರವಿಗೆ ಬಾರದು. ಕರಾವಳಿಯ ಹಳ್ಳಿಯಲ್ಲಿ ಮನೆ ಬೇರೆ, ಮನೆಯಡಿಯ ನೆಲ ಬೇರೆ. ಮನೆ ಕಣ್ಣಿಗೆ ಕಾಣುತ್ತದೆ. ನೆಲದ ಮೇಲಿನ ಹಕ್ಕು ಕಾಗದಗಳಲ್ಲಿ ಹುದುಗಿರುತ್ತದೆ. ಬೆಲೆಯ ಮಾತಿಗೆ ಮುನ್ನ ಈ ಎರಡನೆಯದನ್ನು ಪರಿಶೀಲಿಸದೆ ಮುಂಗಡ ಕೊಟ್ಟವರು ವರ್ಷಗಟ್ಟಲೆ ನ್ಯಾಯಾಲಯ ಅಲೆಯಬೇಕಾಗಬಹುದು.

ನೆಲದ ಹಕ್ಕಿನ ಬಗೆಗಳು

ದಕ್ಷಿಣ ಕನ್ನಡ ಮತ್ತು ಉಡುಪಿ ಪ್ರದೇಶವು 1956ರವರೆಗೆ ಮದರಾಸು ಆಡಳಿತಕ್ಕೆ ಒಳಪಟ್ಟಿತ್ತು. ಉತ್ತರ ಕನ್ನಡವು 1862ರಿಂದಲೇ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಹೀಗಾಗಿ ನೆರೆಹೊರೆಯ ಜಿಲ್ಲೆಗಳಾದರೂ ಹಳೆಯ ಭೂದಾಖಲೆಗಳ ಹೆಸರು ಮತ್ತು ಸ್ವರೂಪಗಳು ಒಂದೇ ಆಗಿಲ್ಲ. ದಕ್ಷಿಣ ಭಾಗದಲ್ಲಿ ಕಂದಾಯ ತೆತ್ತು ಪೂರ್ಣ ಸ್ವಾಮ್ಯದಿಂದ ಹೊಂದಿದ ಭೂಮಿಗೆ ವರ್ಗ ಜಮೀನು ಎನ್ನುತ್ತಾರೆ. ಮನೆಯು ವರ್ಗ ಜಮೀನಿನಲ್ಲಿದ್ದು, ಪಹಣಿಯಲ್ಲಿ ಮಾರುವವರ ಹೆಸರೇ ಇದ್ದರೆ ಕೊಳ್ಳುವವರ ಕೆಲಸ ಬಹುಮಟ್ಟಿಗೆ ಹಗುರ.

ಆದರೆ ಅನೇಕ ಮನೆಗಳ ಅಂಗಳ, ಹಟ್ಟಿ, ತೆಂಗಿನ ಸಾಲು ಅಥವಾ ದಾರಿ ಕುಮ್ಕಿ ಭೂಮಿಯಲ್ಲಿರುತ್ತವೆ. ಕುಮ್ಕಿ ಎಂದರೆ ವರ್ಗ ಜಮೀನಿಗೆ ಹೊಂದಿಕೊಂಡ ಸರ್ಕಾರಿ ಭೂಮಿ. ಅದರಿಂದ ಸೊಪ್ಪು, ಸೌದೆ, ಹುಲ್ಲು ಪಡೆಯುವ ಸವಲತ್ತು ವರ್ಗದಾರನಿಗೆ ಇದೆಯೇ ಹೊರತು ಒಡೆತನವಿಲ್ಲ. “ಒಂದು ಎಕರೆ ವರ್ಗ, ಎರಡು ಎಕರೆ ಕುಮ್ಕಿ” ಎಂದು ಒಟ್ಟಾಗಿ ಬೆಲೆ ಹೇಳುವ ವಾಡಿಕೆ ಇದ್ದಲ್ಲಿ, ಕೊಳ್ಳುವವರು ಹಣ ತೆರುವುದು ಒಂದು ಎಕರೆಗೆ ಮಾತ್ರ ಎಂದು ತಿಳಿಯುವುದು ಲೇಸು.

ಮೂಲಗೇಣಿ ಎಂಬ ಇನ್ನೊಂದು ಬಗೆಯಿದೆ. ಇದು ಶಾಶ್ವತ ಗೇಣಿ. ಮೂಲಗೇಣಿದಾರನು ತಲೆತಲಾಂತರ ಮನೆ ಕಟ್ಟಿಕೊಂಡು ವಾಸಿಸಿದ್ದರೂ ನೆಲದ ಮೂಲ ಒಡೆತನ ಬೇರೊಂದು ಕುಟುಂಬದಲ್ಲೋ ಸಂಸ್ಥೆಯಲ್ಲೋ ಉಳಿದಿರುತ್ತದೆ. ಇಂಥ ಗೇಣಿದಾರರಿಗೆ ಒಡೆತನ ದೊರಕಿಸುವ ಉದ್ದೇಶದ 2011ರ ರಾಜ್ಯ ಕಾಯಿದೆಯೊಂದಿದೆ. ಮೂಲಗೇಣಿಯ ಮನೆಯನ್ನು ಕೊಳ್ಳುವವರು ತಮಗೆ ದೊರೆಯುವುದು ಗೇಣಿಯ ಹಕ್ಕೋ ಪೂರ್ಣ ಸ್ವಾಮ್ಯವೋ ಎಂಬುದನ್ನು ಕ್ರಯಪತ್ರದ ಕರಡಿನಲ್ಲಿಯೇ ಸ್ಪಷ್ಟಪಡಿಸಿಕೊಳ್ಳಬೇಕು.

ಭೂಸುಧಾರಣೆಯ ದಾಖಲೆಗಳನ್ನು ಪ್ರತ್ಯೇಕವಾಗಿ ನೋಡಬೇಕು. 1974ರ ಮಾರ್ಚ್ 1ರಂದು ಗೇಣಿದಾರರ ಕೈಯಲ್ಲಿದ್ದ ಕೃಷಿ ಜಮೀನುಗಳು ಸರ್ಕಾರದಲ್ಲಿ ನಿಹಿತವಾದವು. ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿದವರಿಗೆ ಭೂ ನ್ಯಾಯಮಂಡಳಿಗಳು ಅಧಿಭೋಗದ ಹಕ್ಕನ್ನು ನೀಡಿದವು. ಹೀಗೆ ದೊರೆತ ಜಮೀನನ್ನು ಹದಿನೈದು ವರ್ಷ ಹಸ್ತಾಂತರಿಸಕೂಡದು ಎಂಬುದು ನಿಯಮ. ಬಹುತೇಕ ಪ್ರಕರಣಗಳಲ್ಲಿ ಈ ಅವಧಿ ಎಂದೋ ಮುಗಿದಿದೆಯಾದರೂ, ಮರುವಿಚಾರಣೆಗೆ ಹೋಗಿ ತಡವಾಗಿ ಆದೇಶವಾದ ಪ್ರಕರಣಗಳಿವೆ. ನ್ಯಾಯಮಂಡಳಿಯ ಆದೇಶವನ್ನೂ ನಮೂನೆ 10ರ ಪ್ರಮಾಣಪತ್ರವನ್ನೂ ಕೇಳಿ ಪಡೆದು ದಿನಾಂಕ ನೋಡಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಮಂಜೂರಾದ ಭೂಮಿಯಾಗಿದ್ದರೆ 1978ರ ಕಾಯಿದೆಯಂತೆ ಸರ್ಕಾರದ ಪೂರ್ವಾನುಮತಿಯಿಲ್ಲದ ಮಾರಾಟ ಊರ್ಜಿತವಾಗದು. ಎಷ್ಟು ಕೈ ಬದಲಾಗಿದ್ದರೂ ಈ ದೋಷ ಅಳಿಯದು.

ಕೃಷಿಕರಲ್ಲದವರು ಕರ್ನಾಟಕದಲ್ಲಿ ಕೃಷಿಭೂಮಿ ಕೊಳ್ಳುವುದಕ್ಕೆ ಇದ್ದ ನಿರ್ಬಂಧಗಳು 2020ರ ತಿದ್ದುಪಡಿಯಿಂದ ತೆಗೆಯಲ್ಪಟ್ಟವು. ಆದರೂ ಅಂಥ ಭೂಮಿಯಲ್ಲಿ ವಾಸದ ಮನೆ ಕಟ್ಟಲು ಭೂಪರಿವರ್ತನೆಯ ಆದೇಶ ಬೇಕು. ಸರ್ವೆ ನಂಬರಿನ ಒಂದು ತುಂಡನ್ನು ಮಾತ್ರ ಕೊಳ್ಳುವಾಗ ಭೂಮಾಪಕರು ಅಳೆದು ಕೊಡುವ 11ಇ ನಕ್ಷೆ ಅಗತ್ಯ. ಪರಿವರ್ತನೆಯಾದ ನಿವೇಶನಕ್ಕೆ ಗ್ರಾಮ ಪಂಚಾಯಿತಿಯು ಇ-ಸ್ವತ್ತು ವ್ಯವಸ್ಥೆಯ ಮೂಲಕ ನಮೂನೆ 9 ಮತ್ತು 11ನ್ನು ನೀಡುತ್ತದೆ. ಮನೆ ತೆರಿಗೆಯ ರಸೀದಿಯೊಂದನ್ನೇ ಒಡೆತನದ ಪತ್ರವೆಂದು ತೋರಿಸುವವರು ಇದ್ದಾರೆ. ತೆರಿಗೆ ಕಟ್ಟಿದವನು ತೆರಿಗೆ ಕಟ್ಟಿದವನೇ, ಅಷ್ಟರಿಂದ ಒಡೆಯನಾಗುವುದಿಲ್ಲ.

ಸಹಿ ಹಾಕಬೇಕಾದವರು ಯಾರು?

ಮಾರಾಟಕ್ಕೆ ನಿಜವಾದ ತೊಡಕು ಇಲ್ಲಿದೆ. ಪಹಣಿಯಲ್ಲಿ ಹಿರಿಯ ಅಣ್ಣನ ಹೆಸರು ಮಾತ್ರ ಇರಬಹುದು. ಹಕ್ಕುದಾರರು ಮಾತ್ರ ಊರಿನಲ್ಲಿ, ಮುಂಬಯಿಯಲ್ಲಿ ಮತ್ತು ಕೊಲ್ಲಿ ದೇಶಗಳಲ್ಲಿ ಹಂಚಿಹೋಗಿರುತ್ತಾರೆ. ಭೂ ನ್ಯಾಯಮಂಡಳಿಯ ಆದೇಶ ಯಜಮಾನನೊಬ್ಬನ ಹೆಸರಿಗಿದ್ದರೂ, ಗೇಣಿಯು ಕುಟುಂಬದ್ದಾಗಿತ್ತೆಂದು ತೋರಿಬಂದರೆ ಪ್ರಯೋಜನವು ಇಡೀ ಕುಟುಂಬಕ್ಕೆ ಸಲ್ಲುತ್ತದೆ.

ತುಳುನಾಡಿನ ಹಲವು ಸಮುದಾಯಗಳಲ್ಲಿ ಅಳಿಯಸಂತಾನ ಪದ್ಧತಿ ರೂಢಿಯಲ್ಲಿತ್ತು. ಅದರಂತೆ ಆಸ್ತಿಯ ವಾರಸಿಕೆ ಹೆಣ್ಣಿನ ಕಡೆಯಿಂದ ಸಾಗುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಅಳಿಯಸಂತಾನದ ಕುಟುಂಬದಲ್ಲಿ ಮೃತ ವ್ಯಕ್ತಿಗೆ ಇದ್ದ ಅವಿಭಕ್ತ ಹಿತವನ್ನು ತನ್ನ ವ್ಯಾಪ್ತಿಗೆ ತಂದುಕೊಂಡಿತು. ಆದುದರಿಂದ ಗುತ್ತಿನ ಮನೆಯೊಂದರಲ್ಲಿ ಹಿಂದಿನ ಪದ್ಧತಿಯಂತೆ ಬಂದ ಸೋದರಿಯರ ಸಂತತಿಯೂ, 1956ರ ನಂತರ ತೀರಿಕೊಂಡ ಪುರುಷರ ಹೆಂಡತಿ ಮಕ್ಕಳೂ ಒಟ್ಟೊಟ್ಟಿಗೆ ಪಾಲುದಾರರಾಗಿರುವುದು ಸಾಮಾನ್ಯ. ಮಕ್ಕಳು ತಂದೆಯ ಕಡೆಯಿಂದ ಹಕ್ಕು ಪಡೆಯುವ ಮಿತಾಕ್ಷರ ಕುಟುಂಬಗಳಲ್ಲಿ 2005ರ ತಿದ್ದುಪಡಿಯಿಂದ ಮಗಳೂ ಹುಟ್ಟಿನಿಂದಲೇ ಸಮಪಾಲುದಾರಳು. ತಂದೆ 2005ರಲ್ಲಿ ಜೀವಂತವಾಗಿರಲೇಬೇಕೆಂಬ ಷರತ್ತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ತೀರ್ಮಾನಿಸಿದೆ. ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯೂ ಮುಸ್ಲಿಮರಿಗೆ ಅವರ ವೈಯಕ್ತಿಕ ಕಾನೂನೂ ಅನ್ವಯಿಸುತ್ತವೆ.

ವಾಸದ ಮನೆಯ ವಿಷಯದಲ್ಲಿ ಇನ್ನೊಂದು ಮುಖ್ಯ ಬದಲಾವಣೆಯಾಗಿದೆ. ಗಂಡು ವಾರಸುದಾರರು ತಾವಾಗಿ ಪಾಲು ಮಾಡಿಕೊಳ್ಳುವವರೆಗೆ ಹೆಣ್ಣುಮಕ್ಕಳು ವಾಸದ ಮನೆಯ ವಿಭಜನೆಯನ್ನು ಕೇಳುವಂತಿಲ್ಲ ಎಂಬ 1956ರ ಕಾಯಿದೆಯ 23ನೆಯ ಪ್ರಕರಣವನ್ನು 2005ರಲ್ಲಿ ಕೈಬಿಡಲಾಯಿತು. ಮದುವೆಯಾಗಿ ದೆಹಲಿಯಲ್ಲೋ ಹೈದರಾಬಾದಿನಲ್ಲೋ ನೆಲೆಸಿದ ಸೋದರಿಯ ಸಹಿ “ನೆಪಮಾತ್ರಕ್ಕೆ” ಬೇಕಾದದ್ದಲ್ಲ. ಅದಿಲ್ಲದೆ ಮಾರಾಟ ಪೂರ್ಣವಾಗುವುದಿಲ್ಲ.

ಊರಿನಲ್ಲಿ ಉಳಿದ ಸೋದರನು ಮೂವತ್ತು ವರ್ಷ ಒಬ್ಬನೇ ಮನೆಯಲ್ಲಿದ್ದ ಮಾತ್ರಕ್ಕೆ ಉಳಿದವರ ಪಾಲು ನಶಿಸುವುದಿಲ್ಲ. ಸಹಪಾಲುದಾರನ ಸ್ವಾಧೀನವು ಎಲ್ಲರ ಪರವಾದ ಸ್ವಾಧೀನವೆಂಬುದು ಸಾಮಾನ್ಯ ನಿಯಮ. ಉಳಿದವರ ಹಕ್ಕನ್ನು ಬಹಿರಂಗವಾಗಿ ನಿರಾಕರಿಸಿ ಹನ್ನೆರಡು ವರ್ಷ ಕಳೆದಿದ್ದರೆ ಮಾತು ಬೇರೆ. ಅಂತೆಯೇ, ಸೋರುವ ಮಾಡನ್ನು ವರ್ಷವರ್ಷವೂ ತನ್ನ ಖರ್ಚಿನಲ್ಲಿ ಸರಿಪಡಿಸಿ, ಮನೆಯನ್ನು ಮನೆಯಾಗಿ ಉಳಿಸಿದ ಆ ಸೋದರನಿಗೆ ಆ ವೆಚ್ಚವನ್ನು ಲೆಕ್ಕಹಾಕಿ ಕೊಟ್ಟ ನಂತರ ಪಾಲು ಮಾಡುವುದು ನ್ಯಾಯ. ಹೀಗೆ ಮಾಡಿದಲ್ಲಿ ವ್ಯಾಜ್ಯಗಳ ಅರ್ಧಭಾಗ ಹುಟ್ಟುವುದೇ ಇಲ್ಲ.

ಪಾಲುದಾರರಲ್ಲಿ ಒಬ್ಬರು ತಮ್ಮ ಪಾಲನ್ನು ಹೊರಗಿನವರಿಗೆ ಮಾರಬಹುದೆ? ಮಾರಬಹುದು. ಆದರೆ ಆಸ್ತಿ ಹಸ್ತಾಂತರ ಕಾಯಿದೆಯ 44ನೆಯ ಪ್ರಕರಣದಂತೆ, ಅವಿಭಕ್ತ ಕುಟುಂಬದ ವಾಸದ ಮನೆಯಲ್ಲಿ ಪಾಲು ಕೊಂಡ ಹೊರಗಿನವನಿಗೆ ಕುಟುಂಬದವರೊಡನೆ ಜಂಟಿಯಾಗಿ ವಾಸಿಸುವ ಹಕ್ಕಿಲ್ಲ. ಅವನು ವಿಭಜನೆಗೆ ದಾವೆ ಹೂಡಿದರೆ ಆ ಪಾಲನ್ನು ನ್ಯಾಯಾಲಯ ನಿಗದಿಮಾಡಿದ ಬೆಲೆಗೆ ಕೊಂಡುಕೊಳ್ಳಲು 1893ರ ವಿಭಜನಾ ಕಾಯಿದೆಯು ಕುಟುಂಬದವರಿಗೆ ಅವಕಾಶವೀಯುತ್ತದೆ. ಅಗ್ಗವಾಗಿ ಸಿಗುವ “ಒಬ್ಬರ ಪಾಲು” ಬಹುಮಟ್ಟಿಗೆ ಅಗ್ಗವಲ್ಲ.

ದೂರದಲ್ಲಿರುವವರು ಅಧಿಕಾರ ಪತ್ರ ಕೊಟ್ಟು ಕೆಲಸ ಮುಗಿಸಲು ಬಯಸುತ್ತಾರೆ. ಪ್ರತಿನಿಧಿಯ ಮೂಲಕ ದಸ್ತಾವೇಜನ್ನು ನೋಂದಣಿಗೆ ಹಾಜರುಪಡಿಸಬೇಕಿದ್ದರೆ, ಅಧಿಕಾರ ಪತ್ರವನ್ನು ತಾವು ವಾಸಿಸುವ ಪ್ರದೇಶದ ಉಪನೋಂದಣಾಧಿಕಾರಿಯ ಮುಂದೆ ಬರೆದುಕೊಟ್ಟು ದೃಢೀಕರಿಸಿಕೊಳ್ಳಬೇಕೆಂದು 1908ರ ನೋಂದಣಿ ಕಾಯಿದೆ ಹೇಳುತ್ತದೆ. ವಿದೇಶದಲ್ಲಿರುವವರಿಗೆ ಅಲ್ಲಿನ ನೋಟರಿ ಅಥವಾ ಭಾರತೀಯ ದೂತಾವಾಸದ ಅಧಿಕಾರಿಯ ಮುಂದೆ ಬರೆದುಕೊಡುವ ಅವಕಾಶವಿದೆ. ಅಧಿಕಾರ ಪತ್ರವನ್ನೇ ಕ್ರಯಪತ್ರದಂತೆ ಕೈಬದಲಾಯಿಸುವುದರಿಂದ ಒಡೆತನ ಬಾರದೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಸ್ಪಷ್ಟಪಡಿಸಿದೆ.

ಋಣಭಾರ ಪ್ರಮಾಣಪತ್ರವನ್ನು ಕನಿಷ್ಠ ಮೂವತ್ತು ವರ್ಷಗಳಿಗೆ ಪಡೆಯುವುದು ಒಳ್ಳೆಯ ರೂಢಿ. ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಹಣವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರಿಂದ ನಿಷೇಧಿಸಿದೆ.

ನಾಗಬನ, ಬಾವಿ ಮತ್ತು ದಾರಿ

ಮುದ್ರಿತ ಮಾದರಿ ಕ್ರಯಪತ್ರಗಳಲ್ಲಿ ಕಾಣದ ಒಂದು ವಿಷಯವು ಈ ಪ್ರದೇಶದಲ್ಲಿ ಎಲ್ಲಕ್ಕಿಂತ ಹೆಚ್ಚಿನ ಮನಸ್ತಾಪಕ್ಕೆ ಕಾರಣವಾಗುತ್ತದೆ. ಹಳೆಯ ಹಿಡುವಳಿಗಳಲ್ಲಿ ನಾಗಬನವೂ ದೈವದ ಚಾವಡಿಯೂ ಇರುತ್ತವೆ. ಮನೆ ಮಾರಿದ ಕುಟುಂಬಕ್ಕೆ ನಾಗರಪಂಚಮಿಯಂದು ತನು ಎರೆಯಲು, ವಾರ್ಷಿಕ ಸೇವೆ ಸಲ್ಲಿಸಲು ಅಲ್ಲಿಗೆ ಬರಲೇಬೇಕಾಗಿರುತ್ತದೆ. ಕೊಂಡವರು ಗೋಡೆ ಕಟ್ಟಿದ ಮೇಲೆ ಈ ಮಾತು ಎತ್ತಿದರೆ ಪರಿಹಾರ ಕಷ್ಟ. ಬನದ ವಿಸ್ತೀರ್ಣವನ್ನು ಅಳೆದು ಮಾರಾಟದಿಂದ ಹೊರಗಿರಿಸಬಹುದು. ಇಲ್ಲವೆ ಅದಕ್ಕೆ ಹೋಗಿಬರುವ ಹಕ್ಕನ್ನು ದಾರಿಯ ಅಗಲಸಹಿತ ಕ್ರಯಪತ್ರದಲ್ಲಿ ನಮೂದಿಸಬಹುದು. ನೆರೆಮನೆಯವರು ತಲೆಮಾರುಗಳಿಂದ ಬಳಸುವ ಕಾಲುದಾರಿ, ಪಾಲಿನ ಬಾವಿ, ಗದ್ದೆಗೆ ಹರಿಯುವ ತೋಡು ಇವುಗಳಿಗೆ 1882ರ ಕಾಯಿದೆಯಂತೆ ಅನುಭೋಗದ ಹಕ್ಕು ಉಂಟಾಗಿರಬಹುದು. ಇವು ಪಹಣಿಯಲ್ಲಿ ಕಾಣವು. ನೆರೆಮನೆಯ ಜಗಲಿಯಲ್ಲಿ ಕುಳಿತು ವಿಚಾರಿಸಿದರೆ ತಿಳಿಯುತ್ತವೆ.

ಕಡಲ ಗೆರೆ

ಕರಾವಳಿ ನಿಯಂತ್ರಣ ವಲಯದ ಮೊದಲ ಅಧಿಸೂಚನೆಯನ್ನು ಕೇಂದ್ರ ಸರ್ಕಾರವು 1991ರ ಫೆಬ್ರವರಿ 19ರಂದು ಹೊರಡಿಸಿತು. ಅದನ್ನು 2011ರಲ್ಲಿಯೂ 2019ರಲ್ಲಿಯೂ ಹೊಸದಾಗಿ ರೂಪಿಸಲಾಯಿತು. ಭರತರೇಖೆಯಿಂದ, ಅಂದರೆ ಉಬ್ಬರದ ನೀರು ತಲಪುವ ಮೇಲ್ಗಡಿಯಿಂದ, ಭೂಮಿಯ ಕಡೆಗೆ 500 ಮೀಟರುಗಳವರೆಗಿನ ಪ್ರದೇಶವು ಈ ವಲಯಕ್ಕೆ ಒಳಪಡುತ್ತದೆ. 2019ರ ಅಧಿಸೂಚನೆಯಂತೆ ಗ್ರಾಮೀಣ ಭಾಗದಲ್ಲಿ 2011ರ ಜನಗಣತಿಯ ಪ್ರಕಾರ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನಸಾಂದ್ರತೆಯಿದ್ದರೆ ಮೊದಲ 50 ಮೀಟರು, ಉಳಿದೆಡೆ 200 ಮೀಟರು ಅಭಿವೃದ್ಧಿ ನಿಷೇಧಿತ ವಲಯ. ಆ ನಿಷೇಧಿತ ಪಟ್ಟಿಯಲ್ಲಿ ಈಗಾಗಲೇ ಇರುವ ಅಧಿಕೃತ ಮನೆಯನ್ನು, ಅದರ ತಳವಿಸ್ತೀರ್ಣವನ್ನೂ ಕಟ್ಟಡದ ಪ್ರಮಾಣವನ್ನೂ ಮೀರದಂತೆ ದುರಸ್ತಿ ಮಾಡಬಹುದು ಅಥವಾ ಮರಳಿ ಕಟ್ಟಬಹುದು. ಹಳೆಯ ಮನೆಯನ್ನು ಕೆಡವುವ ಮುನ್ನ ಅದರ ಅಳತೆ, ಛಾಯಾಚಿತ್ರ, ಹಿಂದಿನ ತೆರಿಗೆ ದಾಖಲೆಗಳನ್ನು ಜೋಪಾನ ಮಾಡುವುದು ಈ ಕಾರಣಕ್ಕೆ ಅವಶ್ಯ. ಕೆಡವಿದ ಮೇಲೆ ಇತ್ತೆಂದು ಸಾಧಿಸುವುದು ಸುಲಭವಲ್ಲ.

ಸಮುದ್ರ ಕಾಣದ ಮನೆಗೂ ಈ ನಿಯಮ ತಾಗಬಹುದು. ನೇತ್ರಾವತಿ, ಸ್ವರ್ಣಾ, ಶರಾವತಿ, ಅಘನಾಶಿನಿ, ಕಾಳಿ ಮೊದಲಾದ ನದಿಗಳಲ್ಲಿ ಉಬ್ಬರದ ನೀರು ಏರುವ ಹಿನ್ನೀರಿನ ದಡಗಳೂ ವಲಯಕ್ಕೆ ಸೇರುತ್ತವೆ. ಬೇಸಗೆಯಲ್ಲಿ ನೀರಿನ ಉಪ್ಪಿನಂಶ ಸಾವಿರಕ್ಕೆ ಐದು ಭಾಗದಷ್ಟಿರುವ ಸ್ಥಳದವರೆಗೆ ಇದರ ವ್ಯಾಪ್ತಿ. ನಿರ್ದಿಷ್ಟ ಸರ್ವೆ ನಂಬರಿನ ಸ್ಥಿತಿಯನ್ನು ಕರಾವಳಿ ವಲಯ ನಿರ್ವಹಣಾ ಯೋಜನೆಯ ನಕ್ಷೆಯಲ್ಲಿ ನೋಡಬೇಕು. ಕೇರಳದ ಮರಡಿನಲ್ಲಿ ಹಿನ್ನೀರಿನ ದಡದ ನಾಲ್ಕು ವಸತಿ ಸಮುಚ್ಚಯಗಳನ್ನು ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2020ರ ಜನವರಿಯಲ್ಲಿ ಕೆಡವಲಾಯಿತು. ಸ್ಥಳೀಯ ಸಂಸ್ಥೆಯ ಪರವಾನಗಿ ಅವರ ಬಳಿಯೂ ಇತ್ತು.

ಸುಧಾರಣೆ

ಇಲ್ಲಿನ ಹಳೆಯ ಮನೆಗಳ ಗೋಡೆ ಮುರಕಲ್ಲಿನದು. ಉತ್ತರದಲ್ಲಿ ಇದಕ್ಕೇ ಚಿರೇಕಲ್ಲು ಎನ್ನುತ್ತಾರೆ. ಗಾಳಿಗೆ ತೆರೆದುಕೊಂಡಷ್ಟೂ ಗಟ್ಟಿಯಾಗುವ ಈ ಕಲ್ಲು ನೀರನ್ನು ಹೀರಿ ಮತ್ತೆ ಬಿಡುತ್ತದೆ. ಹಿಂದಿನವರು ಹಚ್ಚಿದ ಚಿಪ್ಪಿನ ಸುಣ್ಣದ ಗಾರೆ ಅದನ್ನು ತಡೆಯುತ್ತಿರಲಿಲ್ಲ. ಅದರ ಮೇಲೆ ದಪ್ಪ ಸಿಮೆಂಟು ಗಿಲಾವು ಮಾಡಿದರೆ ತೇವ ಒಳಗೇ ಸಿಕ್ಕಿ, ಎರಡು ಮಳೆಗಾಲದೊಳಗೆ ಬಣ್ಣ ಉದುರಿ ಗೋಡೆ ಉಬ್ಬುತ್ತದೆ. ಸುಣ್ಣದ ಗಾರೆಯನ್ನೇ ನವೀಕರಿಸುವುದು ಮೇಲು.

ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆಯಿಂದ ಹಬ್ಬಿದ ಹೆಂಚಿನ ಮಾಡು, ಮುಂಗಾರಿನ ನಾಲ್ಕು ತಿಂಗಳಲ್ಲೇ ಸುಮಾರು 3,000 ಮಿಲಿಮೀಟರ್ ಮಳೆ ಸುರಿಯುವ ಈ ನಾಡಿಗೆ ಸೊಗಸಾಗಿ ಹೊಂದುತ್ತದೆ. ಆದರೆ ಪ್ರತಿ ಮೇ ತಿಂಗಳಲ್ಲಿ ಹೆಂಚು ಕೈಯಾಡಿಸಿ ಒಡೆದದ್ದನ್ನು ಬದಲಿಸಬೇಕು. ಬೀಗ ಹಾಕಿದ ಮನೆಗಳು ಬೀಳುವುದು ಈ ಒಂದು ದಿನದ ಕೆಲಸ ತಪ್ಪುವುದರಿಂದಲೇ: ಹೆಂಚು ಜಾರಿ, ಪಕಾಸು ನೆನೆದು, ಗೆದ್ದಲು ಹತ್ತಿ, ಕಡೆಗೆ ಗೋಡೆಯ ತಲೆಯೇ ಕರಗುತ್ತದೆ. ಮಾಡನ್ನು ತೆಗೆದು ಸಮತಟ್ಟಾದ ತಾರಸಿ ಹಾಕಿದವರಲ್ಲಿ ಹಲವರು ಸೋರಿಕೆ ತಾಳದೆ ಅದರ ಮೇಲೆ ಮತ್ತೆ ತಗಡಿನ ಚಾವಣಿ ಏರಿಸಿರುವುದನ್ನು ಕರಾವಳಿಯುದ್ದಕ್ಕೂ ಕಾಣಬಹುದು.

ತಾರಸಿಯೇ ಬೇಕೆಂದಾದರೆ ಉಪ್ಪುಗಾಳಿಯನ್ನು ನೆನಪಿನಲ್ಲಿಡಬೇಕು. ಕರಾವಳಿಯ ಹವೆಗೆ ತೆರೆದಿರುವ ಕಾಂಕ್ರೀಟಿಗೆ ಭಾರತೀಯ ಮಾನಕವು ಎಂ30 ದರ್ಜೆಯನ್ನೂ ಕಬ್ಬಿಣದ ಸರಳಿನ ಮೇಲೆ 45 ಮಿಲಿಮೀಟರ್ ಹೊದಿಕೆಯನ್ನೂ ವಿಧಿಸುತ್ತದೆ. ಒಳನಾಡಿನಿಂದ ಬಂದ ಗುತ್ತಿಗೆದಾರರು ಇದನ್ನು ಪಾಲಿಸುವರೆಂದು ಊಹಿಸದೆ ಕರಾರಿನಲ್ಲಿ ಬರೆಸಬೇಕು. ತೊಳೆಯದ ಕಡಲಮರಳನ್ನು ಬಳಸಲೇಬಾರದು.

ನೀರಿನ ವಿಷಯದಲ್ಲಿ ಸಮುದ್ರದ ಸಮೀಪ ಸಿಹಿನೀರು ಉಪ್ಪುನೀರಿನ ಮೇಲೆ ತೆಳುವಾಗಿ ನಿಂತಿರುತ್ತದೆ. ಆಳವಾದ ಕೊಳವೆಬಾವಿಯಿಂದ ಬಲವಾಗಿ ಎತ್ತಿದರೆ ಉಪ್ಪು ಮೇಲೇರುತ್ತದೆ. ತೆರೆದ ಬಾವಿಯೇ ಕ್ಷೇಮ. ಕೊಳ್ಳಲಿರುವ ಮನೆಯನ್ನು ಎರಡು ಬಾರಿ ನೋಡಬೇಕು. ತುಳುವರ ಆಟಿ ತಿಂಗಳಿನಲ್ಲಿ, ಜುಲೈ-ಆಗಸ್ಟಿನ ಮಳೆಯ ನಡುವೆ, ಮಾಡು ಎಲ್ಲಿ ಸೋರುತ್ತದೆ, ಅಂಗಳದ ನೀರು ಯಾವ ಕಡೆ ಹರಿಯುತ್ತದೆ ಎಂಬುದನ್ನು ಗಮನಿಸಬೇಕು. ಮತ್ತೆ ಮೇ ತಿಂಗಳ ನಡುವಿನಲ್ಲಿ ಬಂದು ಬಾವಿಯ ನೀರಿನ ಮಟ್ಟವನ್ನೂ ರುಚಿಯನ್ನೂ ನೋಡಿ, ಆಮೇಲೆ ಕರಾರಿಗೆ ಕೂರಬೇಕು.