ಹೊಸ ಔಷಧಗಳ ವಿಷಯದಲ್ಲಿ ಮುನ್ನೆಚ್ಚರಿಕೆ

ಬೆಳೆಗೆ ಕೀಟದ ಬಾಧೆ ತಗುಲಿದಾಗ ಹೊಸ ಔಷಧವನ್ನು ತರಿಸಿ ಪ್ರಯೋಗಿಸಬೇಕೆಂಬ ಆಶೆಯು ಬೇಸಾಯಗಾರರಿಗೆ ಸಹಜವಾದುದು. ಆದರೆ ಔಷಧದ ಗುಣವು ಒಂದೇ ಬೆಳೆಯಲ್ಲಿ ಕಂಡುಬಂದರೆ, ಅದರ ದೋಷವು ಕಾಣಿಸಿಕೊಳ್ಳಲು ಅನೇಕ ವರ್ಷಗಳು ಹಿಡಿಯುವುದುಂಟು. ಈ ನಡುವಣ ಕಾಲದಲ್ಲಿ ನಡೆದುಕೊಳ್ಳಬೇಕಾದ ಕ್ರಮವನ್ನು ಕಾನೂನಿನಲ್ಲಿ ಮುನ್ನೆಚ್ಚರಿಕೆಯ ತತ್ತ್ವವೆಂದು ಕರೆಯುತ್ತಾರೆ.

ಎಂಡೋಸಲ್ಫಾನ್ ಇದಕ್ಕೆ ತಕ್ಕ ನಿದರ್ಶನ. ಕಾಸರಗೋಡಿನ ಗೇರುತೋಟಗಳಲ್ಲಿ ಟೀ ಸೊಳ್ಳೆಯ ನಾಶಕ್ಕಾಗಿ ೨೦೦೦ನೆಯ ಇಸವಿಯವರೆಗೆ, ಸುಮಾರು ೨೦ ವರ್ಷ, ಇದನ್ನು ಹೆಲಿಕಾಪ್ಟರಿನಿಂದ ಸಿಂಪಡಿಸುತ್ತಿದ್ದರು. ತೋಟಗಳ ನಡುವೆಯೇ ಮನೆಗಳೂ ಬಾವಿಗಳೂ ಇದ್ದುವು. ಅಲ್ಲಿನ ಮಕ್ಕಳಲ್ಲಿ ಅಂಗವೈಕಲ್ಯವೂ ಬುದ್ಧಿಮಾಂದ್ಯವೂ ಹೆಚ್ಚಾಗಿವೆಯೆಂದು ದೂರುಗಳು ಬಂದುವು. ದಕ್ಷಿಣ ಕನ್ನಡದಿಂದಲೂ ಅಂತಹವೇ ಬಂದುವು. ಔಷಧವೇ ಕಾರಣವೋ ಅಲ್ಲವೋ ಎಂದು ತಜ್ಞರು ವಾದಿಸುತ್ತಿರುವಷ್ಟರಲ್ಲಿ ಆ ಮಕ್ಕಳು ಪ್ರಾಯಕ್ಕೆ ಬಂದರು. ೨೦೧೧ನೆಯ ಇಸವಿ ಮೇ ೧೩ರಂದು ಸುಪ್ರೀಂ ಕೋರ್ಟು ಇದರ ತಯಾರಿಕೆ, ಮಾರಾಟ, ಬಳಕೆಗಳನ್ನು ದೇಶದಾದ್ಯಂತ ತಡೆಯಿತು. ೨೦೧೭ರಲ್ಲಿ, ಬಾಧಿತರಿಗೆ ತಲಾ ೫ ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಕೇರಳ ಸರ್ಕಾರಕ್ಕೆ ಆಜ್ಞಾಪಿಸಿತು. ಹಣವು ಕಳೆದುಹೋದ ಆರೋಗ್ಯವನ್ನು ಮರಳಿಸಲಾರದು.

ತಮಿಳುನಾಡಿನಲ್ಲಿ ಚರ್ಮ ಹದಮಾಡುವ ಕಾರ್ಖಾನೆಗಳು ಪಾಲಾರ್ ನದಿಯನ್ನು ಕೆಡಿಸಿದ ಮೊಕದ್ದಮೆಯಲ್ಲಿ, ೧೯೯೬ರಲ್ಲಿ, ಇದೇ ಕೋರ್ಟು ಈ ತತ್ತ್ವವನ್ನು ದೇಶದ ಕಾನೂನಿನ ಅಂಗವೆಂದು ಸಾರಿತ್ತು. ಅದರ ಸಾರಾಂಶವಿಷ್ಟು: ಸರಿಪಡಿಸಲಾಗದ ಹಾನಿಯ ಭಯವಿರುವಲ್ಲಿ, ಪೂರ್ಣ ಪುರಾವೆ ಇಲ್ಲವೆಂಬ ನೆಪದಿಂದ ತಡೆಯುವ ಕ್ರಮವನ್ನು ಮುಂದೂಡತಕ್ಕದ್ದಲ್ಲ, ಅಪಾಯವಿಲ್ಲವೆಂದು ತೋರಿಸುವ ಹೊಣೆಯು ಕಾರ್ಯವನ್ನು ಕೈಗೊಂಡವನದೇ ಹೊರತು ನೆರೆಹೊರೆಯವರದಲ್ಲ.

ಹಾಗೆಂದು ಹೊಸದೆಲ್ಲವನ್ನೂ ತಿರಸ್ಕರಿಸಬೇಕೆಂದಲ್ಲ. ಗ್ರಾಮದ ಮುಖಂಡರೂ ಭೂಮಾಲೀಕರೂ ಈ ಕ್ರಮಗಳನ್ನು ಅನುಸರಿಸುವುದು ಯುಕ್ತ:

(೧) ೧೯೬೮ನೆಯ ಇಸವಿಯ ಕೀಟನಾಶಕ ಕಾಯಿದೆಯಂತೆ ನೋಂದಣಿಯಾಗದ, ಚೀಟಿಯಿಲ್ಲದ ಔಷಧವನ್ನು ಕೊಳ್ಳಬಾರದು. ಚೀಟಿಯಲ್ಲಿ ಹೇಳಿದ ಬೆಳೆಗೆ ಮಾತ್ರ, ಹೇಳಿದ ಪ್ರಮಾಣದಲ್ಲಿ ಬಳಸಬೇಕು.

(೨) ಮೊದಲು ಬಾವಿ, ಕೆರೆ, ಜೇನುಗೂಡುಗಳಿಂದ ದೂರವಿರುವ ಸಣ್ಣ ತಾಕಿನಲ್ಲಿ ಪರೀಕ್ಷಿಸಿ, ಔಷಧ ಹಾಕದ ಪಕ್ಕದ ತಾಕಿನೊಡನೆ ಹೋಲಿಸಬೇಕು.

(೩) ಸಿಂಪಡಿಸಿದ ದಿನ, ಪ್ರಮಾಣ, ಆಳುಗಳ ಹೆಸರುಗಳನ್ನು ಬರೆದಿಡಬೇಕು. ಆಳುಗಳಿಗೆ ಅಸ್ವಸ್ಥತೆಯಾದರೆ, ದನಕರುಗಳೋ ಮೀನುಗಳೋ ಸತ್ತರೆ, ಕೂಡಲೇ ಸಿಂಪಡಣೆಯನ್ನು ನಿಲ್ಲಿಸಿ ಕೃಷಿ ಅಧಿಕಾರಿಗೆ ತಿಳಿಸಬೇಕು.

ಫಸಲಿನ ಲಾಭವು ಭೂಮಾಲೀಕನಿಗೆ. ಔಷಧದ ಗಾಳಿಯಾದರೋ ಕೂಲಿಯಾಳಿಗೂ, ಕೆಳಗಿನ ಬಾವಿಯ ನೀರು ಕುಡಿಯುವವರಿಗೂ ತಗುಲುತ್ತದೆ. ಆದಕಾರಣ ಎಚ್ಚರಿಕೆಯ ಹೊಣೆಯೂ ಲಾಭ ಪಡೆಯುವವನ ಮೇಲೆಯೇ ಇರುವುದು ನ್ಯಾಯವಾಗಿದೆ.