ಓಟದಲ್ಲಿ ಕೊನೆಯವರಾದರೆ ಆಟ ಬಿಡಬೇಕೇ?



ಶಾಲಾ ಕ್ರೀಡಾಕೂಟಕ್ಕೆ ಹೆಸರು ಬರೆಯುವಾಗ "ನಂಗೆ ಆಟ ಬರೂದಿಲ್ಲ ಸರ್" ಎಂದು ಹಿಂದೆ ಸರಿಯುವವರು ಎಲ್ಲ ತರಗತಿಯಲ್ಲೂ ಇದ್ದಾರೆ. ವಿಚಾರಿಸಿದರೆ, ಯಾವಾಗಲೋ 100 ಮೀಟರ್ ಓಟದಲ್ಲಿ ಕೊನೆಯವರಾದದ್ದೇ ಕಾರಣ. ನಾನೂ ಹೀಗೆ ಆಟ ಬಿಟ್ಟವನೇ. ಎಂಟನೆಯಲ್ಲಿ ಕಬಡ್ಡಿಗೆ ಆರಿಸುವಾಗ 'ಗಿಡ್ಡ' ಎಂದು ಬದಿಗೆ ನಿಲ್ಲಿಸಿದರು. ಹತ್ತನೆಗೆ ಬರುವಾಗ ಆ ತಂಡದ ಹಲವರಿಗಿಂತ ನಾನೇ ಎತ್ತರ! ಆದರೆ ಅಷ್ಟರಲ್ಲಿ ಮೈದಾನಕ್ಕೆ ಇಳಿಯುವ ಅಭ್ಯಾಸವೇ ತಪ್ಪಿತ್ತು.

ಎಡವಿದ್ದು ಎಲ್ಲಿ? ವಿಜ್ಞಾನವನ್ನು ಕೇಳೋಣ.

1. ತರಗತಿ ಒಂದೇ, ಬೆಳವಣಿಗೆ ಬೇರೆ

ಜೂನ್‌ನಲ್ಲಿ ಹುಟ್ಟಿದವರೂ ಮುಂದಿನ ಮೇಯಲ್ಲಿ ಹುಟ್ಟಿದವರೂ ಒಂದೇ ಬೆಂಚಿನಲ್ಲಿ ಕುಳಿತಿರಬಹುದು. ಪ್ರಾಯದಲ್ಲಿ ಹನ್ನೊಂದು ತಿಂಗಳ ಅಂತರ! ಹದಿಹರೆಯದಲ್ಲಿ ಎತ್ತರ ಒಮ್ಮೆಲೇ ಹೆಚ್ಚುವ ಕಾಲವೂ ಎಲ್ಲರಿಗೆ ಒಂದೇ ಅಲ್ಲ. ಹುಡುಗಿಯರಲ್ಲಿ ಇದು ಸಾಮಾನ್ಯವಾಗಿ ಸುಮಾರು ಎರಡು ವರ್ಷ ಮೊದಲೇ ಬರುತ್ತದೆ. ಆದ್ದರಿಂದ ಇಂದಿನ ಎತ್ತರ, ವೇಗ ನೋಡಿ ನಾಳೆಯದನ್ನು ತೀರ್ಮಾನಿಸಬೇಡಿ.

2. ಸ್ನಾಯುಗಳಲ್ಲೂ ವ್ಯತ್ಯಾಸ

ನಮ್ಮ ಸ್ನಾಯುಗಳಲ್ಲಿ ಮುಖ್ಯವಾಗಿ ಎರಡು ಬಗೆಯ ತಂತುಗಳಿವೆ. ವೇಗದ ತಂತುಗಳು ಥಟ್ಟನೆ ಬಲ ಕೊಡುತ್ತವೆ, ಬೇಗ ದಣಿಯುತ್ತವೆ. ನಿಧಾನದ ತಂತುಗಳು ಆಮ್ಲಜನಕ ಬಳಸಿ ತುಂಬ ಹೊತ್ತು ದುಡಿಯುತ್ತವೆ. ಇವುಗಳ ಪ್ರಮಾಣ ಒಬ್ಬೊಬ್ಬರಲ್ಲಿ ಒಂದೊಂದು ರೀತಿ. 100 ಮೀಟರ್‌ನಲ್ಲಿ ಹಿಂದೆ ಬಿದ್ದವರು ದೂರದ ಓಟದಲ್ಲಿ ಮುಂದೆ ಬರಬಹುದು. ಶಟಲ್‌ನಲ್ಲಿ ಕಣ್ಣು ಕೈಗಳ ಹೊಂದಾಣಿಕೆ ಬೇಕು; ಹಗ್ಗಜಗ್ಗಾಟದಲ್ಲಿ ತೂಕ, ಹಿಡಿತದ ಬಲ, ಎಲ್ಲರೂ ಒಟ್ಟಿಗೆ ಎಳೆಯುವ ತಾಳ ಬೇಕು. ಚದುರಂಗವೂ ಆಟವೇ, ಆದರೆ ಅದರೊಟ್ಟಿಗೆ ಮೈ ಬೆವರುವ ಆಟವೂ ಒಂದು ಇರಲಿ.

3. ನಮ್ಮೂರ ಹೆಸರಿನ ಬೌಲರ್

ಅನಿಲ್ ಕುಂಬ್ಳೆ ಹುಟ್ಟಿದ್ದು ಬೆಂಗಳೂರಿನಲ್ಲಾದರೂ ಆ ಹೆಸರು ನಮ್ಮ ಜಿಲ್ಲೆಯ ಕುಂಬಳೆಯದು. ಅವರು ಮೊದಲು ಮಧ್ಯಮ ವೇಗದ ಬೌಲರ್. ಲೆಗ್ ಸ್ಪಿನ್‌ಗೆ ಬಂದದ್ದು ಆಮೇಲೆ. ಅವರ ಚೆಂಡು ಉಳಿದ ಸ್ಪಿನ್ನರ್‌ಗಳ ಚೆಂಡಿನಷ್ಟು ತಿರುಗುತ್ತಿರಲಿಲ್ಲ. ಆದರೆ ಎತ್ತರದ ಮೈಕಟ್ಟಿನಿಂದ ಪುಟಿತ ಸಿಕ್ಕಿತು, ವೇಗವೂ ಜತೆಗಿತ್ತು. 1999ರಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ಒಂದು ಇನ್ನಿಂಗ್ಸಿನ ಹತ್ತೂ ವಿಕೆಟ್ ಅವರದ್ದೇ. ಟೆಸ್ಟ್‌ನಲ್ಲಿ ಒಟ್ಟು 619. ಅವರು ಆಟ ಬಿಡಲಿಲ್ಲ, ಆಡುವ ರೀತಿ ಬದಲಿಸಿದರು.

ಚಟುವಟಿಕೆ: ನಿಮ್ಮ ಆಟ ಹುಡುಕಿ

• ಇಷ್ಟವೆನಿಸುವ ಮೂರು ಆಟ ಬರೆಯಿರಿ. ಮನೆ ಹತ್ತಿರ ಆಡಲು ಜಾಗ, ಜತೆಗಾರರು ಇರುವುದನ್ನು ಮೊದಲು ಆರಿಸಿ.
• ವಾರಕ್ಕೆ ಮೂರು ದಿನದಂತೆ ನಾಲ್ಕು ವಾರ ಆಡಿ. ಎರಡೇ ದಿನಕ್ಕೆ ಬಿಡಬೇಡಿ.
• ಆಡುವ ಮೊದಲು, ಆಡಿದ ಕೂಡಲೇ, ಎರಡು ನಿಮಿಷದ ಬಳಿಕ ನಾಡಿ ಬಡಿತ ಎಣಿಸಿ (15 ಸೆಕೆಂಡಿನ ಎಣಿಕೆ × 4). ಬರೆದಿಡಿ.
• ಪ್ರತಿದಿನ ಎರಡು ಪ್ರಶ್ನೆಗೆ ಉತ್ತರಿಸಿ: ಇವತ್ತು ಹೊಸತೇನು ಕಲಿತೆ? ನಾಳೆಯೂ ಹೋಗಬೇಕೆನಿಸುತ್ತದೆಯೇ?

ಉಬ್ಬಸ, ಎದೆನೋವು ಇದ್ದವರು ಮೊದಲೇ ಮನೆಯವರಿಗೂ ಅಧ್ಯಾಪಕರಿಗೂ ತಿಳಿಸಿ.

ಕೊನೆಗೆ ಲೆಕ್ಕ ನೋಡುವಾಗ ಪಕ್ಕದವರೊಂದಿಗೆ ಹೋಲಿಸಬೇಡಿ, ನಿಮ್ಮದೇ ಮೊದಲ ವಾರದೊಂದಿಗೆ ಹೋಲಿಸಿ. ಅಷ್ಟೇ ಆಡಿದರೂ ಬಡಿತ ಈಗ ಬೇಗ ಇಳಿಯುತ್ತಿದ್ದರೆ ನಿಮ್ಮ ಹೃದಯ ಆಟಕ್ಕೆ ಒಗ್ಗುತ್ತಿದೆ ಎಂದರ್ಥ. ಎರಡನೇ ಪ್ರಶ್ನೆಗೆ ಹೆಚ್ಚಿನ ದಿನ 'ಹೌದು' ಎಂದಿದ್ದರೆ ಅದೇ ನಿಮ್ಮ ಆಟ. 'ಇಲ್ಲ' ಎಂದಿದ್ದರೆ ಪಟ್ಟಿಯಲ್ಲಿ ಇನ್ನೂ ಎರಡು ಉಂಟಲ್ಲ!

ಯೋಚಿಸಿ: ತಂಡಕ್ಕೆ ಆರಿಸುವ ಕೆಲಸ ನಿಮಗೇ ಸಿಕ್ಕಿದರೆ, ತರಗತಿಯ ಅತಿ ಗಿಡ್ಡ ಹುಡುಗನಿಗೆ ಏನು ಹೇಳುವಿರಿ?